ಪರದೇಶದಲ್ಲಿ ಆಪತ್ತು ಬಂದಾಗ: ರಾಯಭಾರ ಕಚೇರಿ ಏನು ಮಾಡುತ್ತದೆ, ಏನು ಮಾಡದು?

ಕೊಪ್ಪಳ: ತುಂಗಭದ್ರೆಯ ಎಡದಂಡೆಯಲ್ಲಿರುವ ಆನೆಗೊಂದಿ, ಸಣಾಪುರಗಳಿಗೆ ದೂರದ ದೇಶಗಳ ಪ್ರವಾಸಿಗರು ಬರುತ್ತಾರೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮನೆಗಳಿಂದ ದುಡಿಮೆಗೆಂದು, ಓದಿಗೆಂದು, ಹಜ್ ಯಾತ್ರೆಗೆಂದು ಪರದೇಶಕ್ಕೆ ಹೊರಡುವವರಿದ್ದಾರೆ. ಬರುವವರಿಗೂ ಹೋಗುವವರಿಗೂ ಎಲ್ಲವೂ ಸುಸೂತ್ರವಾಗಿರುವ ತನಕ ರಾಯಭಾರ ಕಚೇರಿಯ ನೆನಪಾಗುವುದಿಲ್ಲ. ಪಾಸ್‌ಪೋರ್ಟ್ ಕಳೆದಾಗ, ಮಾಲೀಕ ಸಂಬಳ ಕೊಡದೆ ಸತಾಯಿಸಿದಾಗ, ಪೊಲೀಸರು ಹಿಡಿದೊಯ್ದಾಗ, ಯುದ್ಧ ಸಿಡಿದಾಗ ಅಥವಾ ಜೀವವೇ ಹೋದಾಗ ಮಾತ್ರ ಆ ಬಾಗಿಲು ಎಲ್ಲಿದೆ ಎಂಬ ಹುಡುಕಾಟ ಆರಂಭವಾಗುತ್ತದೆ.

ಆ ಹೊತ್ತಿನಲ್ಲಿ ಸಿಗುವ ನೆರವು ಬಹುಮಟ್ಟಿಗೆ ಒಂದು ಸಂಗತಿಯನ್ನು ಅವಲಂಬಿಸಿರುತ್ತದೆ. ತೊಂದರೆಗೆ ಸಿಲುಕಿದವನು ಯಾರು, ಯಾವ ದಾಖಲೆಯ ಮೇಲೆ, ಯಾರ ಬಳಿ ಕೆಲಸಕ್ಕೆ ಹೋದವನು ಎಂಬುದು ಕಚೇರಿಗೆ ತಿಳಿಯಬೇಕು. ಊರಿನಲ್ಲಿ ಅಚ್ಚುಕಟ್ಟಾಗಿ ಇಟ್ಟ ನಾಲ್ಕು ಕಾಗದಗಳು ಎಷ್ಟೋ ವಾರಗಳ ಅಲೆದಾಟವನ್ನು ತಪ್ಪಿಸಬಲ್ಲವು. ರಾಯಭಾರ ಕಚೇರಿಗಳ ಸೇವೆಗಳು, ಅವುಗಳ ಮಿತಿಗಳು ಮತ್ತು ಕೊಪ್ಪಳ ಜಿಲ್ಲೆಯ ಕುಟುಂಬಗಳು ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ರಾಯಭಾರ ಕಚೇರಿ, ಹೈಕಮಿಷನ್, ಕಾನ್ಸುಲೇಟ್

ಒಂದು ದೇಶದ ಸರ್ಕಾರವನ್ನು ಇನ್ನೊಂದು ದೇಶದ ರಾಜಧಾನಿಯಲ್ಲಿ ಪ್ರತಿನಿಧಿಸುವ ಸಂಸ್ಥೆಯೇ ರಾಯಭಾರ ಕಚೇರಿ. ಭಾರತ, ಬ್ರಿಟನ್, ಆಸ್ಟ್ರೇಲಿಯಾಗಳಂತಹ ಕಾಮನ್‌ವೆಲ್ತ್ ರಾಷ್ಟ್ರಗಳು ಪರಸ್ಪರ ಹೊಂದಿರುವ ಇಂಥದೇ ಕಚೇರಿಗೆ ಹೈಕಮಿಷನ್ ಎಂಬ ಹೆಸರಿದೆ. ರಾಜಧಾನಿಯ ಹೊರಗೆ, ಜನಸಂಪರ್ಕ ಹೆಚ್ಚಿರುವ ನಗರಗಳಲ್ಲಿ ಕಾನ್ಸುಲೇಟ್‌ಗಳಿರುತ್ತವೆ. ಸೌದಿ ಅರೇಬಿಯಾದಲ್ಲಿ ಭಾರತದ ರಾಯಭಾರ ಕಚೇರಿ ರಿಯಾದ್‌ನಲ್ಲಿದ್ದರೆ ಕಾನ್ಸುಲೇಟ್ ಜೆದ್ದಾದಲ್ಲಿದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ರಾಯಭಾರ ಕಚೇರಿ ಅಬುಧಾಬಿಯಲ್ಲಿ, ಕಾನ್ಸುಲೇಟ್ ದುಬೈಯಲ್ಲಿ. ಪ್ರತಿಯೊಂದಕ್ಕೂ ಗೊತ್ತುಪಡಿಸಿದ ವ್ಯಾಪ್ತಿ ಇರುವುದರಿಂದ, ದುಬೈಯಲ್ಲಿ ದುಡಿಯುವವನು ಅಬುಧಾಬಿಗೆ ಅಲೆಯಬೇಕಾದ ಅಗತ್ಯವಿಲ್ಲ.

ಈ ಕಚೇರಿಗಳ ಅಧಿಕಾರಕ್ಕೆ ಎರಡು ಅಂತರರಾಷ್ಟ್ರೀಯ ಒಪ್ಪಂದಗಳು ಆಧಾರ. ಒಂದು, ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದ. ಇನ್ನೊಂದು, ಕಾನ್ಸುಲರ್ ಸಂಬಂಧಗಳ ಕುರಿತ 1963ರ ವಿಯೆನ್ನಾ ಒಪ್ಪಂದ. ತನ್ನ ದೇಶದ ಪ್ರಜೆಗಳ ಹಿತ ಕಾಯುವುದು, ಪಾಸ್‌ಪೋರ್ಟ್ ನೀಡುವುದು, ವಿದೇಶಿಯರಿಗೆ ವೀಸಾ ಕೊಡುವುದು, ಜನನ ಮರಣ ದಾಖಲಿಸುವುದು, ದಸ್ತಾವೇಜು ದೃಢೀಕರಿಸುವುದು ಕಾನ್ಸುಲರ್ ಕರ್ತವ್ಯಗಳೆಂದು ಎರಡನೆಯ ಒಪ್ಪಂದದ 5ನೇ ವಿಧಿ ಪಟ್ಟಿ ಮಾಡಿದೆ. ಸಾಮಾನ್ಯ ಜನರಿಗೆ ಬೇಕಾಗುವುದು ಬಹುತೇಕ ಇವೇ ಸೇವೆಗಳು.

ವಿಮಾನ ಹತ್ತುವ ಮುನ್ನ

ನೆರವಿನ ಮೊದಲ ಹೆಜ್ಜೆ ಊರಿನಲ್ಲೇ ಇದೆ. ಸಾಮಾನ್ಯವಾಗಿ ಹತ್ತನೇ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟಿಗೆ 'ಇಸಿಆರ್', ಅಂದರೆ ವಲಸೆ ಅನುಮತಿ ಅಗತ್ಯ ಎಂಬ ವರ್ಗ ಅನ್ವಯವಾಗುತ್ತದೆ. ಇಂಥವರು ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್, ಒಮಾನ್, ಬಹರೇನ್, ಮಲೇಷ್ಯಾ ಸೇರಿದಂತೆ ಗೊತ್ತುಪಡಿಸಿದ 18 ದೇಶಗಳಿಗೆ ಉದ್ಯೋಗಕ್ಕೆ ತೆರಳುವ ಮುನ್ನ 1983ರ ವಲಸೆ ಕಾಯ್ದೆಯಡಿ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಈ ಪ್ರಕ್ರಿಯೆ ವಿದೇಶಾಂಗ ಸಚಿವಾಲಯದ 'ಇ-ಮೈಗ್ರೇಟ್' ವ್ಯವಸ್ಥೆಯ ಮೂಲಕ ನಡೆಯುತ್ತದೆ. ಮಾಲೀಕ ಯಾರು, ಸಂಬಳವೆಷ್ಟು, ಕರಾರು ಎಷ್ಟು ವರ್ಷದ್ದು ಎಂಬ ವಿವರಗಳೆಲ್ಲ ಅಲ್ಲಿ ದಾಖಲಾಗುತ್ತವೆ.

ಅನೇಕರಿಗೆ ಇದು ಬರಿಯ ಕಾಗದದ ಕಾಟವೆನಿಸುತ್ತದೆ. 'ವಿಸಿಟ್ ವೀಸಾದಲ್ಲಿ ಹೋಗಿಬಿಡು, ಅಲ್ಲಿ ಕೆಲಸದ ವೀಸಾ ಮಾಡಿಸೋಣ' ಎಂಬ ದಲ್ಲಾಳಿಯ ಮಾತು ಸುಲಭವಾಗಿ ಕಾಣುತ್ತದೆ. ಪ್ರವಾಸಿ ವೀಸಾಕ್ಕೆ ವಲಸೆ ಅನುಮತಿ ಬೇಕಿಲ್ಲವೆಂಬುದೇ ಈ ಮೋಸದ ಬೇರು. ಹಾಗೆ ಹೋದವನ ಬಳಿ ಉದ್ಯೋಗ ಕರಾರು ಇರುವುದಿಲ್ಲ, ವಿಮೆ ಇರುವುದಿಲ್ಲ, ಆತ ಅಲ್ಲಿ ದುಡಿಯುತ್ತಿದ್ದಾನೆಂಬ ದಾಖಲೆಯೂ ಇರುವುದಿಲ್ಲ. ವೀಸಾ ಅವಧಿ ಮುಗಿದ ಮರುದಿನದಿಂದ ದಂಡ ಬೆಳೆಯಲಾರಂಭಿಸುತ್ತದೆ. ಸಂಬಳ ಬಾಕಿಯ ದೂರು ಕೊಡಲು ಹೋದರೆ ಮೊದಲು ತಾನೇ ಕಾನೂನು ಮುರಿದವನಾಗಿ ನಿಲ್ಲಬೇಕಾಗುತ್ತದೆ.

ಇಸಿಆರ್ ವರ್ಗದ ಮಹಿಳೆಯರ ವಿಷಯದಲ್ಲಿ ನಿಯಮ ಇನ್ನೂ ಬಿಗಿಯಾಗಿದೆ. ಮನೆಗೆಲಸದಂತಹ ಉದ್ಯೋಗಕ್ಕೆ ಈ ದೇಶಗಳಿಗೆ ತೆರಳಲು 30 ವರ್ಷ ತುಂಬಿರಬೇಕು. ನೇಮಕಾತಿ ಸರ್ಕಾರಿ ಸ್ವಾಮ್ಯದ ಸಂಸ್ಥೆಗಳ ಮೂಲಕವೇ ನಡೆಯಬೇಕು. ಖಾಸಗಿ ದಲ್ಲಾಳಿಯೊಬ್ಬ 25ರ ಹೆಣ್ಣುಮಗಳಿಗೆ ಕೊಲ್ಲಿಯ ಮನೆಯೊಂದರಲ್ಲಿ ಕೆಲಸ ಕೊಡಿಸುತ್ತೇನೆಂದರೆ ಅಲ್ಲಿಗೇ ಎಚ್ಚರಗೊಳ್ಳುವುದು ಒಳಿತು.

ನೋಂದಾಯಿತ ನೇಮಕಾತಿ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಎಂಬ ಮಿತಿಯಿದೆ. ಅದಕ್ಕಿಂತ ಹೆಚ್ಚು ಕೇಳುವುದು, ರಸೀದಿ ಕೊಡದಿರುವುದು ನಿಯಮಬಾಹಿರ. ಏಜೆಂಟರ ನೋಂದಣಿ ಸಂಖ್ಯೆ ಅಸಲಿಯೇ ಎಂಬುದನ್ನು ಇ-ಮೈಗ್ರೇಟ್ ಪಟ್ಟಿಯಲ್ಲಿ ಪರಿಶೀಲಿಸಬಹುದು. ವಲಸೆ ಅನುಮತಿಯೊಡನೆ ಕಡ್ಡಾಯವಾಗಿ ಮಾಡಿಸುವ 'ಪ್ರವಾಸಿ ಭಾರತೀಯ ಬಿಮಾ ಯೋಜನೆ'ಯ ಮೂಲ ಕಂತು ಎರಡು ವರ್ಷಕ್ಕೆ 275 ರೂ., ಮೂರು ವರ್ಷಕ್ಕೆ 375 ರೂ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದರೆ 10 ಲಕ್ಷ ರೂಪಾಯಿ ಪರಿಹಾರ ದೊರೆಯುತ್ತದೆ. ವಿಸಿಟ್ ವೀಸಾದಲ್ಲಿ ಹೋದವನ ಮನೆಯವರಿಗೆ ಈ ಹಣವಿಲ್ಲ.

ಪಾಸ್‌ಪೋರ್ಟ್ ಕಳೆದರೆ

ವಿದೇಶದಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡವರು ಮೊದಲು ಸ್ಥಳೀಯ ಪೊಲೀಸರಿಗೆ ದೂರು ನೀಡಿ ಅದರ ಪ್ರತಿ ಪಡೆಯಬೇಕು. ಆ ಪ್ರತಿಯೊಡನೆ ಭಾರತದ ಕಚೇರಿಗೆ ಹೋದರೆ ಎರಡು ದಾರಿಗಳಿವೆ. ಆ ದೇಶದಲ್ಲೇ ಉಳಿಯಬೇಕಾದವರು ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದು. ಕೂಡಲೇ ಊರಿಗೆ ಮರಳಬೇಕಾದವರಿಗೆ 'ತುರ್ತು ಪ್ರಮಾಣಪತ್ರ' ನೀಡಲಾಗುತ್ತದೆ. ಇದು ಭಾರತಕ್ಕೆ ಒಮ್ಮೆ ಬರಲು ಮಾತ್ರ ಸಲ್ಲುವ ಪ್ರಯಾಣಪತ್ರ. ಬೇರೆ ದೇಶಕ್ಕೆ ಹೋಗಲು ಅಥವಾ ಮರಳಿ ಕೆಲಸಕ್ಕೆ ತೆರಳಲು ಇದು ನಡೆಯದು.

ಎರಡಕ್ಕೂ ಮೊದಲು ಅರ್ಜಿದಾರ ಭಾರತೀಯನೇ ಎಂಬುದು ಖಚಿತವಾಗಬೇಕು. ಹಳೆಯ ಪಾಸ್‌ಪೋರ್ಟಿನ ಸಂಖ್ಯೆ ಗೊತ್ತಿದ್ದರೆ ಪರಿಶೀಲನೆ ಬೇಗ ಮುಗಿಯುತ್ತದೆ. ಸಂಖ್ಯೆಯೂ ಇಲ್ಲ, ಪ್ರತಿಯೂ ಇಲ್ಲ ಎಂದಾದರೆ ಗುರುತಿನ ವಿಚಾರಣೆ ಊರಿನವರೆಗೆ ಬರಬೇಕಾಗುತ್ತದೆ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳ ನೆರಳಚ್ಚು ಪ್ರತಿ ಮನೆಯಲ್ಲಿ ಇರಲೇಬೇಕೆಂದು ಹೇಳುವುದು ಈ ಕಾರಣಕ್ಕೆ.

ಮಾಲೀಕನೇ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ವಿಷಯ ಬೇರೆ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. ಅದನ್ನು ತಡೆಹಿಡಿಯುವ ಹಕ್ಕು ಮಾಲೀಕನಿಗಿಲ್ಲ. ಇಂಥ ದೂರು ಬಂದಾಗ ಕಚೇರಿಯ ಕಾರ್ಮಿಕ ವಿಭಾಗ ಮಾಲೀಕನೊಡನೆ ಮಾತನಾಡುತ್ತದೆ. ಅಗತ್ಯವಿದ್ದರೆ ಸ್ಥಳೀಯ ಕಾರ್ಮಿಕ ಇಲಾಖೆಗೆ ದೂರು ಸಲ್ಲಿಸಲು ನೆರವಾಗುತ್ತದೆ.

ಸಂಬಳ ಬಾಕಿ, ಕಿರುಕುಳ ಮತ್ತು ಕಲ್ಯಾಣ ನಿಧಿ

ಕೊಲ್ಲಿ ದೇಶಗಳಲ್ಲಿನ ಭಾರತೀಯ ಕಚೇರಿಗಳು ಕಾರ್ಮಿಕರ ಅಹವಾಲು ಕೇಳಲು 'ಓಪನ್ ಹೌಸ್' ಎಂಬ ಸಭೆಗಳನ್ನು ನಡೆಸುತ್ತವೆ. ದುಬೈ, ರಿಯಾದ್, ಜೆದ್ದಾ, ಕ್ವಾಲಾಲಂಪುರಗಳಲ್ಲಿ 'ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ'ಗಳು ಸ್ಥಾಪನೆಯಾಗಿವೆ. ಮನೆಗೆಲಸದ ಮಹಿಳೆಯರು ಮಾಲೀಕರ ಮನೆಯಿಂದ ತಪ್ಪಿಸಿಕೊಂಡು ಬಂದರೆ ತಂಗಲು ಕುವೈತ್ ಮುಂತಾದೆಡೆ ಆಶ್ರಯತಾಣದ ವ್ಯವಸ್ಥೆಯಿದೆ.

ಇದಕ್ಕೆಲ್ಲ ಹಣ ಒದಗಿಸುವುದು 2009ರಲ್ಲಿ ಆರಂಭವಾದ 'ಭಾರತೀಯ ಸಮುದಾಯ ಕಲ್ಯಾಣ ನಿಧಿ'. ಪಾಸ್‌ಪೋರ್ಟ್, ವೀಸಾ ಮುಂತಾದ ಸೇವೆಗಳ ಮೇಲೆ ವಿಧಿಸುವ ಅಲ್ಪ ಶುಲ್ಕದಿಂದ ಈ ನಿಧಿ ಬೆಳೆಯುತ್ತದೆ. 2017ರ ಸೆಪ್ಟೆಂಬರ್‌ನಲ್ಲಿ ಇದರ ಮಾರ್ಗಸೂಚಿ ಪರಿಷ್ಕರಣೆಯಾಯಿತು. ಊಟ ವಸತಿ, ತುರ್ತು ಚಿಕಿತ್ಸೆ, ಊರಿಗೆ ಮರಳಲು ವಿಮಾನದ ಟಿಕೆಟ್, ಆರಂಭಿಕ ಕಾನೂನು ನೆರವು, ಸಣ್ಣಪುಟ್ಟ ದಂಡದ ಪಾವತಿ, ಮೃತದೇಹ ಸಾಗಣೆ ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಆದರೆ ಇದು ನಿಜವಾಗಿ ಕೈಲಾಗದವರಿಗೆ ಮೀಸಲು. ಅರ್ಹತೆಯನ್ನು ಕಚೇರಿಯೇ ತೂಗಿ ನೋಡುತ್ತದೆ.

ವೀಸಾ ಅವಧಿ ಮೀರಿ ಉಳಿದವರಿಗೆ ಆಗಾಗ ಘೋಷಣೆಯಾಗುವ ಕ್ಷಮಾದಾನವೂ ಒಂದು ಅವಕಾಶ. ಸೌದಿ ಅರೇಬಿಯಾ 2017ರಲ್ಲಿ ಮತ್ತು ಯುಎಇ 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಇಂತಹ ಅವಕಾಶ ನೀಡಿದ್ದವು. ಆಗ ಪಾಸ್‌ಪೋರ್ಟ್ ಇಲ್ಲದವರಿಗೆ ಭಾರತೀಯ ಕಚೇರಿಗಳು ತುರ್ತು ಪ್ರಮಾಣಪತ್ರ ನೀಡಿ ಊರಿಗೆ ಕಳುಹಿಸಿದವು.

ಊರಿನಲ್ಲಿರುವ ಕುಟುಂಬದವರೂ ದೂರು ಸಲ್ಲಿಸಬಹುದು. ವಿದೇಶಾಂಗ ಸಚಿವಾಲಯ 2015ರ ಫೆಬ್ರುವರಿಯಲ್ಲಿ ಆರಂಭಿಸಿದ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಿದರೆ ಸಂಖ್ಯೆಯೊಂದು ಸಿಗುತ್ತದೆ. ದೂರು ನೇರವಾಗಿ ಸಂಬಂಧಿಸಿದ ದೇಶದ ಕಚೇರಿಯನ್ನು ತಲುಪುತ್ತದೆ. ವಲಸೆ ಕಾರ್ಮಿಕರ ಸಹಾಯವಾಣಿ 1800 11 3090ಕ್ಕೆ ಭಾರತದಿಂದ ಶುಲ್ಕವಿಲ್ಲದೆ ಕರೆ ಮಾಡಬಹುದು. ರಾಜ್ಯ ಸರ್ಕಾರದ ಅನಿವಾಸಿ ಭಾರತೀಯ ಸಮಿತಿ ಕೂಡ ಕನ್ನಡಿಗರ ಅಹವಾಲುಗಳನ್ನು ಸಂಬಂಧಪಟ್ಟ ಕಚೇರಿಗೆ ತಲುಪಿಸುತ್ತದೆ.

ಮರಣ ಸಂಭವಿಸಿದಾಗ

2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದಿತು. ಎರಡೇ ದಿನಗಳಲ್ಲಿ, ಜೂನ್ 14ರಂದು, 45 ಭಾರತೀಯರ ಮೃತದೇಹಗಳನ್ನು ವಾಯುಪಡೆಯ ವಿಮಾನ ಕೊಚ್ಚಿಗೆ ತಂದಿತು. ಮೃತರಲ್ಲಿ ಕಲಬುರಗಿ ಜಿಲ್ಲೆಯ ಕಾರ್ಮಿಕರೊಬ್ಬರೂ ಇದ್ದರು. ದೊಡ್ಡ ದುರಂತವಾದುದರಿಂದ ಇಡೀ ಸರ್ಕಾರ ಕೆಲಸ ಮಾಡಿತು. ಒಬ್ಬಂಟಿ ಕಾರ್ಮಿಕ ಹೃದಯಾಘಾತದಿಂದಲೋ ರಸ್ತೆ ಅಪಘಾತದಿಂದಲೋ ತೀರಿಕೊಂಡಾಗ ಅಷ್ಟು ವೇಗ ಇರುವುದಿಲ್ಲ. ಪ್ರತಿಯೊಂದು ಹಂತವನ್ನೂ ಕಾಗದದ ಮೂಲಕವೇ ದಾಟಬೇಕು.

ಮೊದಲು ಆಸ್ಪತ್ರೆಯ ಮರಣ ವರದಿ, ಪೊಲೀಸರ ನಿರಾಕ್ಷೇಪಣೆ, ಸ್ಥಳೀಯ ಮರಣ ಪ್ರಮಾಣಪತ್ರ ಆಗಬೇಕು. ದೇಹವನ್ನು ಊರಿಗೆ ತರಬೇಕೇ, ಅಲ್ಲೇ ಅಂತ್ಯಸಂಸ್ಕಾರ ನಡೆಸಬೇಕೇ ಎಂಬುದನ್ನು ಕುಟುಂಬದವರು ಲಿಖಿತವಾಗಿ ತಿಳಿಸಬೇಕು. ಅಲ್ಲಿರುವ ನಂಬಿಕಸ್ಥರೊಬ್ಬರ ಹೆಸರಿಗೆ ಅಧಿಕಾರಪತ್ರ ಕೊಡಬೇಕಾಗುತ್ತದೆ. ಅನಂತರ ರಾಯಭಾರ ಕಚೇರಿ ಮರಣವನ್ನು ದಾಖಲಿಸಿ, ಪಾಸ್‌ಪೋರ್ಟ್ ರದ್ದುಗೊಳಿಸಿ, ನಿರಾಕ್ಷೇಪಣಾ ಪತ್ರ ನೀಡುತ್ತದೆ. ದೇಹಕ್ಕೆ ರಾಸಾಯನಿಕ ಸಂರಕ್ಷಣೆ ಮಾಡಿಸಿದ ಪ್ರಮಾಣಪತ್ರವಿಲ್ಲದೆ ವಿಮಾನ ಸಂಸ್ಥೆ ಒಯ್ಯುವುದಿಲ್ಲ. ಭಾರತದ ವಿಮಾನ ನಿಲ್ದಾಣದಲ್ಲಿ ಆರೋಗ್ಯಾಧಿಕಾರಿಯ ಒಪ್ಪಿಗೆ ಬೇಕು. ಇದನ್ನು ಚುರುಕುಗೊಳಿಸಲು 2023ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 'ಇ-ಕೇರ್' ಎಂಬ ವ್ಯವಸ್ಥೆ ಜಾರಿಗೆ ತಂದಿದೆ. ಬೆಂಗಳೂರಿನಲ್ಲಿ ದೇಹ ಇಳಿದ ಮೇಲೂ ಕೊಪ್ಪಳಕ್ಕೆ ಸುಮಾರು 350 ಕಿ.ಮೀ. ರಸ್ತೆ ಪ್ರಯಾಣವಿರುತ್ತದೆ. ಆಂಬುಲೆನ್ಸ್ ವ್ಯವಸ್ಥೆಯನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು.

ಮೃತನ ಬಾಕಿ ಸಂಬಳ, ಸೇವಾಂತ್ಯದ ಹಣ, ಅಪಘಾತ ಪರಿಹಾರಗಳನ್ನು ಮಾಲೀಕನಿಂದ ವಸೂಲು ಮಾಡಲು ಕಚೇರಿ ಪ್ರಯತ್ನಿಸುತ್ತದೆ. ಈ ಮೊತ್ತ ಹಲವು ಬಾರಿ ಜಿಲ್ಲಾಧಿಕಾರಿಗಳ ಮೂಲಕ ವಾರಸುದಾರರಿಗೆ ತಲುಪುತ್ತದೆ. ಅದಕ್ಕೆ ವಂಶವೃಕ್ಷ ಹಾಗೂ ವಾರಸುದಾರರ ದೃಢೀಕರಣ ಅತ್ಯಗತ್ಯ. ನಾಡಕಚೇರಿಯಲ್ಲಿ ಸಿಗುವ ಈ ಕಾಗದ ತಡವಾದರೆ ರಿಯಾದ್‌ನಲ್ಲಿ ಮಂಜೂರಾದ ಹಣವೂ ಅಲ್ಲೇ ನಿಲ್ಲುತ್ತದೆ.

ಬಂಧನವಾದರೆ

ವಿದೇಶಿಯನೊಬ್ಬನನ್ನು ಬಂಧಿಸಿದಾಗ, ತನ್ನ ದೇಶದ ಕಚೇರಿಗೆ ವಿಷಯ ತಿಳಿಸುವಂತೆ ಕೇಳುವ ಹಕ್ಕು ಆತನಿಗಿದೆ ಎಂಬುದನ್ನು ವಿಳಂಬವಿಲ್ಲದೆ ಹೇಳಬೇಕೆಂದು ವಿಯೆನ್ನಾ ಒಪ್ಪಂದದ 36ನೇ ವಿಧಿ ವಿಧಿಸುತ್ತದೆ. ಅಧಿಕಾರಿಗಳು ಆತನನ್ನು ಜೈಲಿನಲ್ಲಿ ಭೇಟಿ ಮಾಡಬಹುದು, ವಕೀಲರ ವ್ಯವಸ್ಥೆಗೆ ನೆರವಾಗಬಹುದು. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಪಾಕಿಸ್ತಾನ ಈ ವಿಧಿಯನ್ನು ಉಲ್ಲಂಘಿಸಿದೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರ ಜುಲೈ 17ರಂದು ತೀರ್ಪು ನೀಡಿತು.

ಬಂಧಿತ ಸ್ವತಃ ಕೇಳದಿದ್ದರೆ ಅಥವಾ ಭಾಷೆ ತಿಳಿಯದೆ ಸುಮ್ಮನಿದ್ದರೆ ಕಚೇರಿಗೆ ವಿಷಯವೇ ತಲುಪದಿರಬಹುದು. 'ಭಾರತದ ರಾಯಭಾರ ಕಚೇರಿಗೆ ತಿಳಿಸಿ' ಎಂಬ ಒಂದು ವಾಕ್ಯವನ್ನು ಹೋಗುವವರಿಗೆ ಇಂಗ್ಲಿಷ್‌ನಲ್ಲಾದರೂ ಕಲಿಸಿ ಕಳುಹಿಸಬೇಕು. ಶಿಕ್ಷೆಯಾದವರು ಉಳಿದ ಅವಧಿಯನ್ನು ಭಾರತದ ಜೈಲಿನಲ್ಲಿ ಕಳೆಯಲು 2003ರ ಕೈದಿಗಳ ಸ್ವದೇಶ ವಾಪಸಾತಿ ಕಾಯ್ದೆ ಅವಕಾಶ ನೀಡುತ್ತದೆ. ಆದರೆ ಆ ದೇಶದೊಡನೆ ಭಾರತದ ಒಪ್ಪಂದವಿರಬೇಕು. ಎರಡೂ ಸರ್ಕಾರಗಳು ಮತ್ತು ಕೈದಿ ಒಪ್ಪಬೇಕು.

ಹಜ್ ಯಾತ್ರಿಕರಿಗೆ

ಕೊಪ್ಪಳ, ಗಂಗಾವತಿ ಭಾಗದ ಎಷ್ಟೋ ಹಿರಿಯರಿಗೆ ಹಜ್ ಯಾತ್ರೆಯೇ ಬದುಕಿನ ಮೊದಲ ವಿಮಾನ ಪ್ರಯಾಣ. ಯಾತ್ರೆಯ ಕಾಲದಲ್ಲಿ ಜೆದ್ದಾದ ಭಾರತೀಯ ಕಾನ್ಸುಲೇಟ್ ಮೆಕ್ಕಾ ಮತ್ತು ಮದೀನಾಗಳಲ್ಲಿ ತಾತ್ಕಾಲಿಕ ಕಚೇರಿಗಳನ್ನೂ ಚಿಕಿತ್ಸಾಲಯಗಳನ್ನೂ ನಡೆಸುತ್ತದೆ. ದಾರಿ ತಪ್ಪಿದವರನ್ನು ಹುಡುಕುವುದು, ಕಳೆದ ಸಾಮಾನಿನ ದೂರು ಪಡೆಯುವುದು, ಅಸ್ವಸ್ಥರನ್ನು ಆಸ್ಪತ್ರೆಗೆ ಸೇರಿಸುವುದು ಇಲ್ಲಿನ ನಿತ್ಯದ ಕೆಲಸ. ಕೈಗೆ ಕಟ್ಟುವ ಗುರುತಿನ ಪಟ್ಟಿಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು ಎಂಬ ಸೂಚನೆ ಇದಕ್ಕಾಗಿಯೇ ಇದೆ.

ಉಮ್ರಾ ಯಾತ್ರಿಕರು ವರ್ಷವಿಡೀ ಖಾಸಗಿ ಪ್ರವಾಸ ಸಂಸ್ಥೆಗಳ ಮೂಲಕ ಹೋಗುತ್ತಾರೆ. 2025ರ ನವೆಂಬರ್ 17ರಂದು ಮದೀನಾ ಸಮೀಪ ನಡೆದ ಬಸ್ ದುರಂತದಲ್ಲಿ 40ಕ್ಕೂ ಹೆಚ್ಚು ಭಾರತೀಯ ಯಾತ್ರಿಕರು ಮೃತಪಟ್ಟರು. ಆಗ ಜೆದ್ದಾ ಕಾನ್ಸುಲೇಟ್ ಹಗಲಿರುಳು ಕೆಲಸ ಮಾಡುವ ನಿಯಂತ್ರಣ ಕೊಠಡಿ ತೆರೆದಿತ್ತು. ಯಾತ್ರಿಕರ ಪಟ್ಟಿ, ತಂಗುವ ಹೋಟೆಲಿನ ಹೆಸರು, ಬಸ್ ಮಾರ್ಗದ ವಿವರಗಳ ಒಂದು ಪ್ರತಿ ಮನೆಯಲ್ಲಿದ್ದರೆ ಇಂಥ ಹೊತ್ತಿನಲ್ಲಿ ಬಂಧುಗಳಿಗೆ ಉತ್ತರ ಬೇಗ ಸಿಗುತ್ತದೆ.

ಯುದ್ಧ, ಗಲಭೆಯ ಕಾಲ

2022ರ ಫೆಬ್ರುವರಿಯಲ್ಲಿ ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡುವ ಮುನ್ನವೇ ಕೀವ್‌ನ ಭಾರತೀಯ ರಾಯಭಾರ ಕಚೇರಿ, ಉಳಿಯುವ ಅಗತ್ಯವಿಲ್ಲದ ವಿದ್ಯಾರ್ಥಿಗಳು ತಾತ್ಕಾಲಿಕವಾಗಿ ಹೊರಡುವಂತೆ ಸಲಹೆ ನೀಡಿತ್ತು. ತರಗತಿಗಳು ನಡೆಯುತ್ತಿದ್ದುದರಿಂದ ಅನೇಕರು ಉಳಿದರು. ಮಾರ್ಚ್ 1ರಂದು ಖಾರ್ಕೀವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ. 'ಆಪರೇಷನ್ ಗಂಗಾ' ಸೇರಿದಂತೆ ಆ ಸಂದರ್ಭದಲ್ಲಿ ಸುಮಾರು 22,500 ಭಾರತೀಯರು ಮರಳಿದರು.

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಅಂತರ್ಯುದ್ಧ ಆರಂಭವಾದಾಗ ಅಲ್ಲಿ ಗಿಡಮೂಲಿಕೆ ಔಷಧ ಮಾರುತ್ತಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಸಿಲುಕಿದ್ದರು. ಪೋರ್ಟ್ ಸುಡಾನ್‌ನಿಂದ ನೌಕೆ ಮತ್ತು ವಿಮಾನಗಳಲ್ಲಿ ಜೆದ್ದಾಕ್ಕೆ, ಅಲ್ಲಿಂದ ಭಾರತಕ್ಕೆ ಕರೆತಂದ 'ಆಪರೇಷನ್ ಕಾವೇರಿ'ಯಲ್ಲಿ 3,800ಕ್ಕೂ ಹೆಚ್ಚು ಮಂದಿ ಪಾರಾದರು.

ಎರಡೂ ಪ್ರಕರಣಗಳ ಪಾಠ ಒಂದೇ. ದೀರ್ಘಕಾಲ ಇರಲು ಹೋದವರು ತಲುಪಿದ ವಾರದಲ್ಲೇ ಅಲ್ಲಿನ ಭಾರತೀಯ ಕಚೇರಿಯಲ್ಲಿ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ನೋಂದಾಯಿಸಬೇಕು. ಕಚೇರಿ ಹೊರಡಿ ಎಂದಾಗ ಹೊರಡಬೇಕು. ನೋಂದಣಿ ಉಚಿತ.

ವಿದೇಶದಲ್ಲಿ ನೆಲೆಸಿದವರಿಗೆ

ಪಾಸ್‌ಪೋರ್ಟ್ ನವೀಕರಣ, ಪೊಲೀಸ್ ನಿರಾಕ್ಷೇಪಣೆ, ಪಿಂಚಣಿದಾರರ ಜೀವಂತ ಪ್ರಮಾಣಪತ್ರ ಮುಂತಾದವು ಇವರಿಗೆ ಬೇಕಾಗುವ ಮಾಮೂಲು ಸೇವೆಗಳು. ಹಲವು ದೇಶಗಳಲ್ಲಿ ಅರ್ಜಿ ಸ್ವೀಕರಿಸುವ ಕೆಲಸವನ್ನು ಹೊರಗುತ್ತಿಗೆ ಸಂಸ್ಥೆಗಳಿಗೆ ವಹಿಸಲಾಗಿದೆ. ನಿರ್ಧಾರ ಮಾತ್ರ ಕಚೇರಿಯದೇ.

ಎರಡು ವಿಷಯಗಳಲ್ಲಿ ಅಲಕ್ಷ್ಯ ದುಬಾರಿಯಾಗುತ್ತದೆ. ಭಾರತೀಯ ದಂಪತಿಗೆ ವಿದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ಕಚೇರಿಯಲ್ಲಿ ನೋಂದಾಯಿಸಬೇಕೆಂದು ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಮಗು ಬೇರೆ ದೇಶದ ಪಾಸ್‌ಪೋರ್ಟ್ ಹೊಂದಿಲ್ಲವೆಂದು ತಂದೆತಾಯಿ ಘೋಷಿಸಬೇಕು. ಗಡುವು ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ.

ಎರಡನೆಯದು ಜಮೀನಿನ ಅಧಿಕಾರಪತ್ರ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಗ ಕುಷ್ಟಗಿಯ ಹೊಲದ ವ್ಯವಹಾರಕ್ಕೆ ಅಣ್ಣನಿಗೆ ಅಧಿಕಾರ ಕೊಡುವುದಾದರೆ, ಆ ಪತ್ರಕ್ಕೆ ಕಾನ್ಸುಲೇಟ್ ಅಧಿಕಾರಿಯ ಮುಂದೆ ಸಹಿ ಹಾಕಿ ದೃಢೀಕರಿಸಿಕೊಳ್ಳಬಹುದು. ಪತ್ರ ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದು 1957ರ ರಾಜ್ಯ ಮುದ್ರಾಂಕ ಕಾಯ್ದೆಯ ನಿಯಮ. ಈ ಗಡುವು ತಪ್ಪಿದ ಪತ್ರದಿಂದ ಉಪನೋಂದಣಿ ಕಚೇರಿಯಲ್ಲಿ ತಕರಾರು ಏಳುತ್ತದೆ.

ಭಾರತದಲ್ಲಿ ಇಬ್ಬಗೆಯ ಪೌರತ್ವಕ್ಕೆ ಅವಕಾಶವಿಲ್ಲ. ವಿದೇಶಿ ಪೌರತ್ವ ಪಡೆದವರು ಭಾರತೀಯ ಪಾಸ್‌ಪೋರ್ಟನ್ನು ಕಾನ್ಸುಲೇಟ್‌ಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಅನಂತರ ಸಾಗರೋತ್ತರ ಭಾರತೀಯ ಪ್ರಜೆ, ಅಂದರೆ ಓಸಿಐ ಕಾರ್ಡಿಗೆ ಅರ್ಜಿ ಹಾಕಬಹುದು. ಈ ಕಾರ್ಡಿನವರು ವೀಸಾ ಇಲ್ಲದೆ ಬಂದುಹೋಗಬಹುದು. ಆದರೆ ಮತದಾನದ ಹಕ್ಕಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ.

ವೀಸಾ ಅರ್ಜಿದಾರರಿಗೆ

ವೀಸಾ ಕೊಡುವುದು ಹೋಗಬೇಕಾದ ದೇಶದ ಕಚೇರಿಯೇ ಹೊರತು ಭಾರತದ ಕಚೇರಿಯಲ್ಲ. ವೀಸಾ ನಿರಾಕರಣೆಯಾದರೆ ಭಾರತದ ವಿದೇಶಾಂಗ ಸಚಿವಾಲಯ ಅದನ್ನು ಬದಲಿಸಲಾರದು. ಕಟ್ಟಿದ ಶುಲ್ಕವೂ ಸಾಮಾನ್ಯವಾಗಿ ಮರಳುವುದಿಲ್ಲ.

ಯುರೋಪಿನ ಷೆಂಗನ್ ದೇಶಗಳ ಅಲ್ಪಾವಧಿ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ ಗರಿಷ್ಠ 90 ದಿನ ಇರಬಹುದು. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಅರ್ಜಿ ಹಾಕುವಂತಿಲ್ಲ, 15 ದಿನಗಳಿಗಿಂತ ತಡ ಮಾಡುವಂತಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸಿ ವೈದ್ಯಕೀಯ ವಿಮೆ ಕಡ್ಡಾಯ. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೋ. ಅನೇಕ ದೇಶಗಳಿಗೆ ಹೋಗುವವರು ಹೆಚ್ಚು ದಿನ ಉಳಿಯುವ ದೇಶದ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಅಮೆರಿಕದ ವಿಷಯದಲ್ಲಿ ಕರ್ನಾಟಕ ಬಹುಕಾಲದಿಂದ ಚೆನ್ನೈ ಕಾನ್ಸುಲೇಟ್ ವ್ಯಾಪ್ತಿಯಲ್ಲಿದೆ. ಬೆಂಗಳೂರಿನಲ್ಲಿ 2025ರ ಜನವರಿ 17ರಂದು ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ಆಗ ವೀಸಾ ಸೇವೆ ಆರಂಭವಾಗಿರಲಿಲ್ಲ. ಸಂದರ್ಶನದ ಸ್ಥಳವನ್ನು ಅರ್ಜಿಯ ವೇಳೆ ಖಚಿತಪಡಿಸಿಕೊಂಡೇ ರೈಲಿನ ಟಿಕೆಟ್ ಕಾಯ್ದಿರಿಸುವುದು ಲೇಸು.

ಉದ್ಯೋಗ ಅಥವಾ ವ್ಯಾಸಂಗಕ್ಕೆ ಅಂಕಪಟ್ಟಿ, ವಿವಾಹ ಪ್ರಮಾಣಪತ್ರಗಳ ದೃಢೀಕರಣ ಬೇಕಾಗುತ್ತದೆ. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಬಳಿಕ ವಿದೇಶಾಂಗ ಸಚಿವಾಲಯದ್ದು ಎಂಬುದು ಕ್ರಮ. ಭಾರತ 2005ರಿಂದ ಹೇಗ್ ಅಪೊಸ್ಟಿಲ್ ಒಪ್ಪಂದದ ಸದಸ್ಯ. ಸದಸ್ಯ ದೇಶಗಳಿಗೆ ಅಪೊಸ್ಟಿಲ್ ಮುದ್ರೆಯೊಂದೇ ಸಾಕು. ಸದಸ್ಯತ್ವ ಪಡೆಯದ ದೇಶಗಳಿಗೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಆನೆಗೊಂದಿಗೆ ಬಂದವರಿಗೆ

1986ರಲ್ಲಿ ಹಂಪಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ನದಿಯಾಚೆಯ ವಿರೂಪಾಪುರ ಗಡ್ಡೆ ವಿದೇಶಿ ಪ್ರವಾಸಿಗರ ನೆಚ್ಚಿನ ತಾಣವಾಗಿ ಬೆಳೆದಿತ್ತು. 2020ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಅಲ್ಲಿನ ರೆಸಾರ್ಟ್‌ಗಳನ್ನು ತೆರವುಗೊಳಿಸಲಾಯಿತು. ಪ್ರವಾಸಿಗರು ಸಣಾಪುರ, ಆನೆಗೊಂದಿ ಸುತ್ತಲಿನ ಹೋಂಸ್ಟೇಗಳತ್ತ ಸರಿದರು. ಅದೇ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ವಿವಿಧ ದೇಶಗಳ ರಾಯಭಾರ ಕಚೇರಿಗಳು ಭಾರತದಲ್ಲಿ ಸಿಲುಕಿದ್ದ ತಮ್ಮ ಪ್ರಜೆಗಳಿಗೆ ವಿಶೇಷ ವಿಮಾನ ಏರ್ಪಡಿಸಿದವು.

ವಿದೇಶಿಯರನ್ನು ತಂಗಿಸುವವರು ಅವರ ವಿವರಗಳನ್ನು 24 ಗಂಟೆಯೊಳಗೆ ಆನ್‌ಲೈನ್ ಮೂಲಕ ಸಲ್ಲಿಸಬೇಕು. ರೂಢಿಯಲ್ಲಿ ಇದನ್ನು 'ಸಿ ಫಾರ್ಮ್' ಎನ್ನುತ್ತಾರೆ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಈ ಹೊಣೆ ಮುಂದುವರಿದಿದೆ. ಜಿಲ್ಲೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶಿಯರ ನೋಂದಣಾಧಿಕಾರಿ. ಈ ವಿವರ ಸಲ್ಲಿಕೆಯಾಗಿದ್ದರೆ ಅಪಘಾತವಾದಾಗ, ಪ್ರವಾಸಿ ಕಾಣೆಯಾದಾಗ ಯಾವ ದೇಶದ ಕಚೇರಿಗೆ ತಿಳಿಸಬೇಕೆಂಬುದು ತಕ್ಷಣ ಗೊತ್ತಾಗುತ್ತದೆ.

2025ರ ಮಾರ್ಚ್ 6ರ ರಾತ್ರಿ ಸಣಾಪುರ ಬಳಿಯ ಕಾಲುವೆ ದಂಡೆಯಲ್ಲಿ ವಿದೇಶಿಯರು ಸೇರಿದಂತೆ ಪ್ರವಾಸಿಗರ ಮೇಲೆ ನಡೆದ ದೌರ್ಜನ್ಯ, ಒಡಿಶಾದ ಪ್ರವಾಸಿಯೊಬ್ಬರ ಸಾವು ಜಿಲ್ಲೆಯನ್ನು ತಲ್ಲಣಗೊಳಿಸಿತ್ತು. ಇಂಥ ಪ್ರಕರಣಗಳಲ್ಲಿ ಸಂತ್ರಸ್ತರಿಗೆ ದುಭಾಷಿ, ವಕೀಲ, ಬಂಧುಗಳ ಸಂಪರ್ಕ, ಊರಿಗೆ ಮರಳುವ ವ್ಯವಸ್ಥೆಗಳಲ್ಲಿ ಅವರ ದೇಶದ ಕಚೇರಿ ನೆರವಾಗುತ್ತದೆ. ಜರ್ಮನಿ, ಫ್ರಾನ್ಸ್, ಇಸ್ರೇಲ್, ಜಪಾನ್, ಆಸ್ಟ್ರೇಲಿಯಾಗಳ ಕಾನ್ಸುಲೇಟ್‌ಗಳೂ ಬ್ರಿಟನ್‌ನ ಡೆಪ್ಯುಟಿ ಹೈಕಮಿಷನ್ನೂ ಬೆಂಗಳೂರಿನಲ್ಲಿವೆ. ಪಾಸ್‌ಪೋರ್ಟ್ ಕಳೆದುಕೊಂಡ ವಿದೇಶಿ ಗಂಗಾವತಿಯಲ್ಲಿ ಪೊಲೀಸ್ ದೂರು ನೀಡಿ, ತನ್ನ ದೇಶದ ಕಚೇರಿಯಿಂದ ತುರ್ತು ಪ್ರಯಾಣಪತ್ರ ಪಡೆದ ಮೇಲೂ ವಿದೇಶಿಯರ ನೋಂದಣಿ ಕಚೇರಿಯಿಂದ ನಿರ್ಗಮನ ಅನುಮತಿ ಪಡೆಯಬೇಕು.

ಮಾಡಲಾಗದ ಕೆಲಸಗಳು

ರಾಯಭಾರ ಕಚೇರಿಯೂ ತಾನಿರುವ ನೆಲದ ಕಾನೂನಿಗೆ ತಲೆಬಾಗಬೇಕು. ಆಂತರಿಕ ವ್ಯವಹಾರದಲ್ಲಿ ಕೈಹಾಕಬಾರದೆಂದು ವಿಯೆನ್ನಾ ಒಪ್ಪಂದದ 55ನೇ ವಿಧಿ ಹೇಳುತ್ತದೆ. ಆದುದರಿಂದ ಕಚೇರಿ ಯಾರನ್ನೂ ಜೈಲಿನಿಂದ ಬಿಡಿಸಿ ತರಲಾರದು, ನ್ಯಾಯಾಲಯದಲ್ಲಿ ವಾದ ಮಾಡಲಾರದು, ಸಾಲ ತೀರಿಸಲಾರದು, ಉದ್ಯೋಗ ಕೊಡಿಸಲಾರದು. ಮಾಲೀಕನ ಮನೆಯ ಬಾಗಿಲು ಒಡೆದು ಕಾರ್ಮಿಕನನ್ನು ಕರೆತರುವ ಅಧಿಕಾರವೂ ಅದಕ್ಕಿಲ್ಲ. ಸ್ಥಳೀಯ ಪೊಲೀಸರ ಮೂಲಕವೇ ನಡೆಯಬೇಕು. ಈ ಮಿತಿ ಅರಿಯದೆ ತಿಂಗಳುಗಟ್ಟಲೆ ಕಾಯುವ ಕುಟುಂಬಗಳಿಗೆ ನಿರಾಸೆ ಕಾದಿರುತ್ತದೆ.

ಮನೆಯಲ್ಲಿ ಇರಲೇಬೇಕಾದವು

ಪರದೇಶಕ್ಕೆ ಹೋದವರ ಮನೆಯಲ್ಲಿ ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಪ್ರತಿ, ಅಲ್ಲಿನ ವಾಸದ ಗುರುತುಚೀಟಿಯ ಪ್ರತಿ, ಉದ್ಯೋಗ ಕರಾರು, ವಿಮಾ ಪಾಲಿಸಿ ಸಂಖ್ಯೆ, ಮಾಲೀಕನ ಹೆಸರು ಮತ್ತು ದೂರವಾಣಿ, ಜೊತೆಗೆ ವಾಸಿಸುವ ಒಬ್ಬ ಸ್ನೇಹಿತನ ಸಂಖ್ಯೆ, ಏಜೆಂಟನಿಗೆ ಕೊಟ್ಟ ಹಣದ ರಸೀದಿ ಇಷ್ಟಾದರೂ ಇರಬೇಕು. ಆ ದೇಶದ ಭಾರತೀಯ ಕಚೇರಿಯ ತುರ್ತು ಸಂಖ್ಯೆಯನ್ನು ಅದೇ ಲಕೋಟೆಯ ಮೇಲೆ ಬರೆದಿಡಬೇಕು. ಹೆಂಡತಿಗೋ ತಾಯಿಗೋ ಆ ಲಕೋಟೆ ಎಲ್ಲಿದೆ ಎಂದು ತಿಳಿದಿರಬೇಕು.

ಯಲಬುರ್ಗಾದ ಹಳ್ಳಿಯೊಂದರಿಂದ ರಾತ್ರಿ ಹೊತ್ತು ಹೋದ ಕರೆಗೆ ಸಾವಿರಾರು ಮೈಲಿ ದೂರದ ಅಧಿಕಾರಿ ಕೇಳುವ ಮೊದಲ ಪ್ರಶ್ನೆ 'ಪಾಸ್‌ಪೋರ್ಟ್ ಸಂಖ್ಯೆ ಎಷ್ಟು?' ಎಂಬುದೇ. ಅದಕ್ಕೆ ಉತ್ತರ ಮನೆಯಲ್ಲಿದ್ದರೆ ಕೆಲಸ ಆ ಕ್ಷಣದಿಂದಲೇ ಆರಂಭವಾಗುತ್ತದೆ.